ಮೊದಲ ಪುಟದಲ್ಲಿ ಮಳೆ ಬೇಡ: ಹೊಸದಾಗಿ ಕಥೆ ಬರೆಯುವವರಿಗೆ

ಉತ್ತರ ಕನ್ನಡದವರು ಕಥೆ ಬರೆಯಲು ಕೂತರೆ ಮೊದಲ ಪುಟದಲ್ಲಿ ಮಳೆ ಗ್ಯಾರಂಟಿ. ಘಟ್ಟದ ಮೇಲಿನವರಾದರೆ ಹೆಂಚಿನ ಮೇಲೆ ಧೋ ಎಂದು ಸುರಿಯುವ ಮಳೆ, ಅಡಿಕೆ ತೋಟ, ಮಂಜು. ಕೆಳಗಿನವರಾದರೆ ಕಡಲು, ತೆಂಗಿನ ಮರ, ಮುಳುಗುವ ಸೂರ್ಯ. ಹೊಸಬರು ಓದಿ ನೋಡಿ ಎಂದು ಕೊಡುವ ಕಥೆಗಳಲ್ಲಿ ಇದನ್ನು ಮತ್ತೆ ಮತ್ತೆ ಕಾಣುತ್ತೇನೆ. ಎರಡು ಪುಟ ಮುಗಿದರೂ ಒಬ್ಬ ಮನುಷ್ಯ ಬಾಗಿಲು ತೆಗೆದು ಹೊರಗೆ ಬಂದಿರುವುದಿಲ್ಲ. ನಮ್ಮ ಊರು ಚಂದ ಇದೆ, ಒಪ್ಪಿದೆ. ಆದರೆ ಆ ಊರಲ್ಲಿ ಯಾರಿಗೋ ಏನೋ ಬೇಕಾಗಿ, ಅದು ಸುಲಭಕ್ಕೆ ಸಿಗದೆ ಹೋದಾಗ ಮಾತ್ರ ಓದುಗ ಪುಟ ತಿರುಗಿಸುತ್ತಾನೆ.

ಒಂದು ಸಣ್ಣಕಥೆಯನ್ನು ಹೊಳೆಯುವುದರಿಂದ ಹಿಡಿದು ಪತ್ರಿಕೆಗೆ ಕಳಿಸುವವರೆಗೆ ಹೇಗೆ ನಡೆಸಿಕೊಂಡು ಹೋಗಬಹುದು ಎಂದು ಇಲ್ಲಿ ಬರೆದಿದ್ದೇನೆ. ಒಂದೇ ಉದಾಹರಣೆ ಇಟ್ಟುಕೊಂಡು ಹೋಗೋಣ, ಅನುಕೂಲ.

ಕೆಲಸದಿಂದ ಹಿಡಿಯಿರಿ

‘ಒಂಟಿತನದ ಬಗ್ಗೆ ಬರೀಬೇಕು’, ‘ಬದಲಾಗುತ್ತಿರುವ ಹಳ್ಳಿಯ ಬಗ್ಗೆ ಬರೀಬೇಕು’ ಎಂದು ಹೊರಟರೆ ಭಾಷಣ ಬರುತ್ತದೆ, ಕಥೆ ಬರುವುದಿಲ್ಲ. ವಿಷಯ ಬಿಡಿ. ಒಬ್ಬ ಮನುಷ್ಯನನ್ನು ಹಿಡಿಯಿರಿ. ಅವನ ಸ್ವಭಾವ ಏನು ಎಂದು ಯೋಚಿಸುವ ಮೊದಲು ಅವನು ಹೊಟ್ಟೆಪಾಡಿಗೆ ಏನು ಮಾಡುತ್ತಾನೆ ಎಂದು ಗೊತ್ತು ಮಾಡಿಕೊಳ್ಳಿ. ಕೆಲಸ ಗೊತ್ತಾದರೆ ಅವನು ಎಷ್ಟು ಹೊತ್ತಿಗೆ ಏಳುತ್ತಾನೆ, ಯಾರ ಮುಂದೆ ಕೈಕಟ್ಟಿ ನಿಲ್ಲುತ್ತಾನೆ, ಮೈಯಲ್ಲಿ ಎಲ್ಲಿ ನೋವಿದೆ, ಕಿಸೆಯಲ್ಲಿ ಎಷ್ಟು ದುಡ್ಡಿದೆ ಎಲ್ಲ ತಾನಾಗಿಯೇ ಬರುತ್ತದೆ.

ನಮ್ಮ ಉದಾಹರಣೆಗೆ ಶಿರಸಿ ಕಡೆಯ ಒಬ್ಬ ಕೊನೆಗೌಡನನ್ನು ತೆಗೆದುಕೊಳ್ಳೋಣ. ಗಣಪ ಎಂದು ಹೆಸರಿಡೋಣ. ಅಡಿಕೆ ಕೊಯ್ಲಿನ ಹೊತ್ತಿಗೆ ಮರ ಹತ್ತಿ ಕೊನೆ, ಎಂದರೆ ಅಡಿಕೆ ಗೊಂಚಲು, ಇಳಿಸುವವನು. ಕಾಲಿಗೆ ತಳೆ ಎಂಬ ಕುಣಿಕೆ ಹಾಕಿಕೊಂಡು ಹತ್ತುತ್ತಾನೆ. ಒಂದು ಮರದ ಕೆಲಸ ಮುಗಿದರೆ ಕೆಳಗೆ ಇಳಿಯುವುದಿಲ್ಲ, ಮರವನ್ನೇ ಬಾಗಿಸಿ ಪಕ್ಕದ ಮರಕ್ಕೆ ದಾಟಿಕೊಳ್ಳುತ್ತಾನೆ. ಕೊಯ್ದ ಕೊನೆ ಹಗ್ಗದ ಮೇಲೆ ಜಾರಿ ಬರುತ್ತದೆ, ಕೆಳಗೆ ಒಬ್ಬ ಹಿಡಿಯುತ್ತಾನೆ. ಈಗ ಕಾರ್ಬನ್ ಫೈಬರ್ ದೋಟಿ, ಎಂದರೆ ಉದ್ದನೆಯ ಕೊಯ್ಲಿನ ಕೋಲು, ಬಂದಿದೆ. ನೆಲದ ಮೇಲೆ ನಿಂತೇ ಕೊನೆ ಕೊಯ್ಯಬಹುದು, ಮದ್ದು ಹೊಡೆಯಬಹುದು. ಮರ ಹತ್ತುವವರು ಸಿಗುವುದಿಲ್ಲ ಎಂದು ತೋಟದವರು ದೋಟಿ ತರುತ್ತಾರೆ. ದೋಟಿ ಬಂತು ಎಂದು ಹತ್ತುವವರಿಗೆ ಕೆಲಸ ಕಮ್ಮಿಯಾಗುತ್ತದೆ. ಇಬ್ಬರ ಮಾತಲ್ಲೂ ನ್ಯಾಯ ಇದೆ, ಅಲ್ವಾ? ಹೀಗೆ ಎರಡೂ ಕಡೆ ನ್ಯಾಯ ಇರುವ ಜಾಗ ಕಂಡರೆ ಅಲ್ಲೇ ಕೂತುಬಿಡಿ.

ಇಷ್ಟಾದರೂ ಇನ್ನೂ ಕಥೆ ಆಗಿಲ್ಲ. ಇದು ಪತ್ರಿಕೆಯ ಕೃಷಿ ಪುಟದ ವರದಿ ಆಗಬಹುದು. ಗಣಪನಿಗೆ ಏನು ಬೇಕು? ‘ಗೌರವ ಬೇಕು’ ಎಂದರೆ ಆಗಲಿಲ್ಲ. ಕೈಯಲ್ಲಿ ಹಿಡಿಯುವಂಥದ್ದು, ಇಂಥ ದಿನದೊಳಗೆ ಬೇಕಾಗುವಂಥದ್ದು ಇರಲಿ. ಮಗಳ ಮದುವೆಗೆ ಅಂತ ತೋಟದ ಯಜಮಾನ ಹೆಗಡೆಯವರ ಹತ್ತಿರ ಮುಂಗಡ ತೆಗೆದುಕೊಂಡಿದ್ದಾನೆ. ಈ ಕೊಯ್ಲಿನಲ್ಲಿ ಮರ ಹತ್ತಿ ತೀರಿಸುವುದು ಎಂದು ಮಾತಾಗಿತ್ತು. ಅದೇ ಹೆಗಡೆಯವರು ಈಗ ದೋಟಿ ತಂದಿದ್ದಾರೆ. ಅವರೂ ಕೆಟ್ಟವರಲ್ಲ. ಗಣಪನಿಗೆ ವಯಸ್ಸಾಯಿತು, ಬಿದ್ದರೆ ಏನು ಗತಿ ಎಂಬ ಹೆದರಿಕೆಯೂ ಅವರಿಗಿದೆ.

ಈಗ ಒಂದು ಸಾಲಿನಲ್ಲಿ ಬರೆದು ನೋಡಿ: ‘ಇವನಿಗೆ ಮರ ಹತ್ತಿ ಸಾಲ ತೀರಿಸಬೇಕು, ಆದರೆ ಸಾಲ ಕೊಟ್ಟವರಿಗೇ ಇವನು ಮರ ಹತ್ತುವುದು ಬೇಡ.’ ನಿಮ್ಮ ಕಥೆಗೂ ಇಂಥದೊಂದು ಸಾಲು ಬರೆಯಲು ಬರಬೇಕು. ಮಧ್ಯದ ‘ಆದರೆ’ ಬರಲಿಲ್ಲ ಎಂದರೆ ಇನ್ನೂ ನಾಲ್ಕು ದಿನ ಯೋಚಿಸಿ, ಪೆನ್ನು ಎತ್ತಬೇಡಿ.

ಕೇಳಿಸಿಕೊಳ್ಳುವುದು

ಸಣ್ಣ ನೋಟ್‌ಬುಕ್ ಒಂದು ಇಟ್ಟುಕೊಳ್ಳಿ. ಫೋನ್ ಆದರೂ ಆದೀತು. ಆದರೆ ಅದರಲ್ಲಿ ‘ಇಂದು ಮನಸ್ಸು ಭಾರವಾಗಿದೆ’ ಎಂದೆಲ್ಲ ಬರೆಯಬೇಡಿ, ಅದು ಡೈರಿ. ದಿನಕ್ಕೆ ಒಬ್ಬರ ಕೈ ಏನು ಮಾಡುತ್ತಿತ್ತು ಮತ್ತು ಅವರ ಬಾಯಿಂದ ಏನು ಬಂತು, ಇವೆರಡನ್ನೇ ಬರೆಯಿರಿ. ಅರ್ಥ ಬರೆಯಬೇಡಿ, ಮಾತು ಬರೆಯಿರಿ.

ಕಾರವಾರದ ಮೀನು ಮಾರುಕಟ್ಟೆಯಲ್ಲಿ ಅರ್ಧ ಗಂಟೆ ನಿಂತರೆ ಸಾಕು. ಗಿರಾಕಿ ಬಂಗಡೆಯ ಕಿವಿರು ಎತ್ತಿ ನೋಡುತ್ತಾನೆ. ಮಾರುವಾಕೆ ಅವನ ಮುಖ ನೋಡುವುದಿಲ್ಲ, ನೀರು ಚಿಮುಕಿಸುತ್ತಲೇ ಇರುತ್ತಾಳೆ. ಅವನು ದರ ಕೇಳುತ್ತಾನೆ. ಅವಳು ದರ ಹೇಳುವುದು ಬಿಟ್ಟು, ‘ನಿನ್ನೆ ಯಾಕೆ ಬರಲಿಲ್ಲ?’ ಎಂದು ಕೊಂಕಣಿಯಲ್ಲಿ ಕೇಳುತ್ತಾಳೆ. ಅಲ್ಲಿಗೆ ಅರ್ಧ ವ್ಯಾಪಾರ ಆಯಿತು. ಇದನ್ನು ಮನೆಗೆ ಹೋಗಿ ‘ಅವಳು ಚಾಲಾಕಿ ಹೆಂಗಸು’ ಎಂದು ಬರೆದುಕೊಂಡರೆ ಕೈಗೆ ಸಿಕ್ಕಿದ್ದು ಕಳೆದುಹೋಯಿತು. ನೀರು ಚಿಮುಕಿಸಿದ್ದನ್ನೂ ಆ ಪ್ರಶ್ನೆಯನ್ನೂ ಹಾಗೇ ಬರೆದುಕೊಳ್ಳಿ. ಮುಂದೆ ಯಾವುದೋ ಕಥೆಯಲ್ಲಿ, ಮೀನಿಗೆ ಸಂಬಂಧವೇ ಇಲ್ಲದ ಕಡೆ, ಉಪಯೋಗಕ್ಕೆ ಬರುತ್ತದೆ.

ಬಸ್ ಸ್ಟ್ಯಾಂಡ್ ಇದಕ್ಕಿಂತ ಸುಲಭ. ಕುಮಟಾದಿಂದ ದೇವಿಮನೆ ಘಟ್ಟ ಹತ್ತುವ ಬಸ್ಸಿನಲ್ಲಿ ಕಿವಿಗೆ ಏನೂ ಸಿಕ್ಕಿಸಿಕೊಳ್ಳದೆ ಕೂತು ನೋಡಿ.

ಹೆಸರು, ಇಸವಿ, ತಿಂಗಳು

ನಮ್ಮ ಜಿಲ್ಲೆಯಲ್ಲಿ ಹೆಸರಿಡುವುದು ಸುಲಭದ ಕೆಲಸ ಅಲ್ಲ. ಹೆಗಡೆ, ಭಟ್, ಗೌಡ, ಅಂಬಿಗ, ಖಾರ್ವಿ, ಹರಿಕಂತ್ರ, ಸಿದ್ದಿ ಎನ್ನುತ್ತಿದ್ದಂತೆ ಇಲ್ಲಿನ ಓದುಗನಿಗೆ ಮನೆ, ಊಟ, ಮಾತಿನ ಧಾಟಿ ಎಲ್ಲ ಕಣ್ಣಿಗೆ ಬರುತ್ತದೆ. ಅಂಕೋಲೆಯಲ್ಲಿ ನಾಯಕ ಎಂದರೆ ಒಂದು ಸಮುದಾಯ, ನಾಯ್ಕ ಎಂದರೆ ಇನ್ನೊಂದು. ಹಾಗಾಗಿ ಅಡ್ಡಹೆಸರನ್ನು ಸುಮ್ನೆ ಹಾಕಬೇಡಿ. ಗೊತ್ತಿದ್ದು ಹಾಕಿ, ಇಲ್ಲದಿದ್ದರೆ ಬರೀ ಹೆಸರು ಸಾಕು.

ಇನ್ನೊಂದು ಫಜೀತಿ ಎಂದರೆ ಊರವರು ಗುರುತು ಹಿಡಿಯುವುದು. ಹಳ್ಳಿಯಲ್ಲಿ ಯಾರ ಕಥೆ ಬರೆದರೂ ‘ಇದು ನಮ್ಮ ಮನೆಯದ್ದೇ’ ಎನ್ನುವವರು ಇರುತ್ತಾರೆ. ಹೆಸರು ಬದಲಿಸಿದರೆ ಸಾಲದು. ಕೆಲಸ ಬದಲಿಸಿ, ಮಕ್ಕಳ ಸಂಖ್ಯೆ ಬದಲಿಸಿ, ಇಬ್ಬರನ್ನು ಸೇರಿಸಿ ಒಬ್ಬರನ್ನು ಮಾಡಿ. ಘಟ್ಟದ ಮೇಲಿನವರನ್ನು ಕೆಳಗೆ ತಂದರೂ ಆಯಿತು. ಹೀಗೆ ಬದಲಿಸಿದಾಗ ಕಥೆ ಹಾಳಾಗುವುದಿಲ್ಲ, ಮುಚ್ಚಿಡುವ ಹಂಗು ತಪ್ಪಿ ಇನ್ನೂ ಧೈರ್ಯವಾಗಿ ಬರೆಯಲು ಬರುತ್ತದೆ. ಯಾರದೋ ಮೇಲಿನ ಸಿಟ್ಟು ತೀರಿಸಿಕೊಳ್ಳಲು ಕಥೆ ಬರೆಯುತ್ತೇನೆ ಎನ್ನುವವರಿಗೆ ನನ್ನ ಹತ್ತಿರ ಸಲಹೆ ಇಲ್ಲ. ಅಂಥ ಕಥೆಗಳಲ್ಲಿ ಬರೆದವರೊಬ್ಬರೇ ಒಳ್ಳೆಯವರಾಗಿರುತ್ತಾರೆ, ಓದಲು ಬೇಜಾರು.

ಕಾಲದ ಲೆಕ್ಕ ತಪ್ಪಿದರೆ ಇಲ್ಲಿನ ಓದುಗ ಮೊದಲ ಪುಟದಲ್ಲೇ ಕೈಬಿಡುತ್ತಾನೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆ ಎರಡು ತಿಂಗಳಲ್ಲಿ ನಿಮ್ಮ ನಾಯಕ ಟ್ರಾಲ್ ಬೋಟ್ ಹತ್ತಿ ಕಡಲಿಗೆ ಹೋದರೆ ಅವನಿಗೆ ದಂಡ ಬೀಳಬೇಕು, ಅದನ್ನೂ ಬರೆಯಿರಿ. ಶಿರಸಿ ಮಾರಿಕಾಂಬೆ ಜಾತ್ರೆ ಎರಡು ವರ್ಷಕ್ಕೊಮ್ಮೆ, ಪ್ರತಿ ವರ್ಷ ಅಲ್ಲ. ಕೊಂಕಣ ರೈಲು ಪೂರ್ತಿ ಓಡಲು ಶುರುವಾಗಿದ್ದು 1998ರಲ್ಲಿ. 1985ರಲ್ಲಿ ಕುಮಟಾದ ಹುಡುಗ ಮನೆಬಿಟ್ಟು ಮುಂಬೈಗೆ ಹೋಗುವುದಾದರೆ ಬಸ್ಸೇ ಹತ್ತಬೇಕು. ಅಜ್ಜನ ಕಾಲದ ಕಥೆಯಾದರೆ 1956ರ ನವೆಂಬರ್‌ವರೆಗೆ ಈ ಜಿಲ್ಲೆ ಮುಂಬೈ ಆಡಳಿತದಲ್ಲಿತ್ತು ಎಂಬುದು ನೆನಪಿರಲಿ. ಕಾಳಿ ನದಿಯ ಹಳೇ ಸೇತುವೆ 2024ರ ಆಗಸ್ಟ್‌ನಲ್ಲಿ ಕುಸಿಯಿತು. ಈ ವರ್ಷದ ಕಥೆಯಲ್ಲಿ ಪ್ರೇಮಿಗಳನ್ನು ಅದರ ಮೇಲೆ ನಿಲ್ಲಿಸಬೇಡಿ.

ಇಂಥದ್ದನ್ನೆಲ್ಲ ಬರೆಯುವ ಮೊದಲೇ ಹುಡುಕುತ್ತ ಕೂರುವುದೂ ಬೇಡ. ಅನುಮಾನ ಬಂದಲ್ಲಿ ಒಂದು ಗುರುತು ಹಾಕಿ ಮುಂದೆ ಹೋಗಿ, ಆಮೇಲೆ ವಿಚಾರಿಸಿ.

ಎಲ್ಲಿ ನಿಂತು ನೋಡುವುದು

ಕಥೆಯನ್ನು ಯಾರ ಕಣ್ಣಿಂದ ಹೇಳುತ್ತೀರಿ? ಗಣಪನ ಕಣ್ಣಿಂದಲೋ, ಹೆಗಡೆಯವರ ಕಣ್ಣಿಂದಲೋ, ಕೆಳಗೆ ನಿಂತು ಕೊನೆ ಹಿಡಿಯುವ ಹುಡುಗನ ಕಣ್ಣಿಂದಲೋ? ಒಬ್ಬರನ್ನು ಆರಿಸಿ, ಕೊನೆವರೆಗೂ ಅವರ ಜೊತೆಗೇ ಇರಿ. ಅವರಿಗೆ ಕಾಣದ್ದು ಕಥೆಗೂ ಕಾಣಬಾರದು. ಹೊಸಬರು ಒಂದೇ ಪ್ಯಾರಾದಲ್ಲಿ ಮೂವರ ಮನಸ್ಸಿನ ಒಳಗೂ ಹೋಗಿ ಬರುತ್ತಾರೆ. ಓದುವವರಿಗೆ ಯಾರ ಪಕ್ಕ ಕೂರುವುದು ಎಂದೇ ಗೊತ್ತಾಗುವುದಿಲ್ಲ.

ನಾನಾದರೆ ಗಣಪನನ್ನೇ ಆರಿಸುತ್ತೇನೆ. ಕಾರಣ ಅವನ ಬಡತನ ಅಲ್ಲ. ಅವನು ಇರುವುದು ಮರದ ತುದಿಯಲ್ಲಿ, ಅಲ್ಲಿಂದ ಹೆಗಡೆಯವರ ಅಂಗಳ ಕಾಣುತ್ತದೆ. ಕಥೆ ಅಲ್ಲಿಂದಲೇ ಶುರುವಾಗಲಿ: ಅಂಗಳಕ್ಕೆ ಪಿಕಪ್ ಬಂದು ನಿಂತಿದೆ. ಇಬ್ಬರು ಸೇರಿ ಉದ್ದನೆಯ ಪೊಟ್ಟಣ ಇಳಿಸುತ್ತಿದ್ದಾರೆ. ಹೆಗಡೆಯವರು ತೋಟದ ಕಡೆ ಒಮ್ಮೆ ನೋಡಿ, ಬೇಗ ಒಳಗೆ ಇಡಿ ಎಂಬಂತೆ ಕೈ ಮಾಡುತ್ತಾರೆ. ಗಣಪನ ಕೈಯಲ್ಲಿ ಅರ್ಧ ಕೊಯ್ದ ಕೊನೆ ಇದೆ. ಕೆಳಗಿನ ಹುಡುಗ ‘ಬಿಡೋ’ ಎಂದು ಕೂಗುತ್ತಿದ್ದಾನೆ.

ಇಲ್ಲಿ ಮಳೆಯೂ ಇಲ್ಲ, ಮಂಜೂ ಇಲ್ಲ. ಮುಂಗಡದ ವಿಷಯವನ್ನೂ ಇನ್ನೂ ಹೇಳಿಲ್ಲ. ಹೇಳಲು ಅವಸರವೂ ಇಲ್ಲ. ಕೈ ಯಾಕೆ ನಿಂತಿತು ಎಂದು ಓದುಗ ಕೇಳಿಕೊಂಡರೆ ಎರಡನೇ ಪುಟಕ್ಕೆ ಅವನೇ ಬರುತ್ತಾನೆ.

ದಿನದ ಅಭ್ಯಾಸ

ಸ್ಫೂರ್ತಿ ಬರಲಿ ಎಂದು ಕಾಯುವವರು ನಮ್ಮಲ್ಲಿ ಜಾಸ್ತಿ. ಅದಕ್ಕಿಂತ ಒಂದು ಹೊತ್ತು ಗೊತ್ತು ಮಾಡಿಕೊಳ್ಳಿ. ಬೆಳಗಿನ ಚಾಕ್ಕೆ ಮೊದಲು ಅರ್ಧ ಗಂಟೆ, ಇಲ್ಲವೇ ರಾತ್ರಿ ಊಟ ಆದಮೇಲೆ. ದಿನಕ್ಕೆ 250 ಪದ ಬರೆದರೂ ಹತ್ತು ದಿನಕ್ಕೆ 2500 ಪದ, ಅದು ಒಂದು ಸಣ್ಣಕಥೆಯ ಮೊದಲ ಕರಡು. ತೋಟ ಇದ್ದವರು ಕೊಯ್ಲಿನ ತಿಂಗಳಲ್ಲಿ ಹೊಸ ಕಥೆ ಶುರು ಮಾಡುವುದು ಬೇಡ, ಆಗುವುದಿಲ್ಲ. ಆಗ ನೋಟ್‌ಬುಕ್ ತುಂಬಿಸಿ, ಅಷ್ಟು ಸಾಕು. ಮಳೆಗಾಲದಲ್ಲಿ ಕರೆಂಟ್ ನಂಬಿ ಕೂರಬೇಡಿ, ಕೈಬರಹ ಒಳ್ಳೆಯದು. ಕೈಬರಹ ಆಗದು ಎನ್ನುವವರು ಫೋನಿಗೆ ಕನ್ನಡದಲ್ಲೇ ಹೇಳಿ ಬರೆಸಿಕೊಳ್ಳಬಹುದು. ಅದು ತಪ್ಪು ಬರೆಯುತ್ತದೆ, ಪರವಾಗಿಲ್ಲ. ಆದರೆ ನಾವಾಡುವ ಮಾತಿನ ಲಯ ಹಾಗೇ ಉಳಿಯುತ್ತದೆ.

ಮೊದಲ ಕರಡಿನಲ್ಲಿ ಹಿಂದೆ ತಿರುಗಿ ತಿದ್ದಬೇಡಿ. ನಿನ್ನೆಯ ಸಾಲು ಚೆನ್ನಾಗಿಲ್ಲ ಎಂದು ಗೊತ್ತಿದ್ದರೂ ಮುಂದೆ ಹೋಗಿ. ಮೊದಲ ಪುಟವನ್ನೇ ತಿದ್ದಿ ತಿದ್ದಿ ಚಿನ್ನ ಮಾಡಿ, ಎರಡನೇ ಪುಟಕ್ಕೇ ಹೋಗದವರು ಬಹಳ. ಆ ದಿನದ ಬರಹವನ್ನು ಮುಂದೇನು ಎಂದು ಗೊತ್ತಿರುವಾಗಲೇ ನಿಲ್ಲಿಸಿ. ಮರುದಿನ ಕೂತ ಕೂಡಲೇ ಕೈ ಓಡುತ್ತದೆ.

ಮಾತು

ಸಂಭಾಷಣೆ ಕಲಿಯಲು ನಮ್ಮಲ್ಲಿ ಇರುವಂಥ ಶಾಲೆ ಬೇರೆ ಕಡೆ ಇಲ್ಲ. ತಾಳಮದ್ದಳೆಗೆ ಹೋಗಿ. ಯಕ್ಷಗಾನದ್ದೇ ಪ್ರಸಂಗ, ಆದರೆ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿಗಳು ಎದುರುಬದುರು ಕೂತು ಮಾತಾಡುತ್ತಾರೆ. ಕಥೆ ಎಲ್ಲರಿಗೂ ಗೊತ್ತು, ಕೊನೆಗೆ ಯಾರು ಗೆಲ್ಲುತ್ತಾರೆ ಎಂಬುದೂ ಗೊತ್ತು. ಆದರೂ ಜನ ರಾತ್ರಿ ನಿದ್ದೆಗೆಟ್ಟು ಕೇಳುತ್ತಾರೆ. ಯಾಕೆಂದರೆ ಕೃಷ್ಣ ಸಂಧಾನಕ್ಕೆ ಬಂದಾಗ ಒಳ್ಳೆಯ ಅರ್ಥಧಾರಿ ಕೌರವನಾಗಿ ಮಾತಾಡಿದರೆ, ಆ ಹೊತ್ತಿಗೆ ಕೌರವ ಹೇಳುವುದೇ ಸರಿ ಎನಿಸುತ್ತದೆ. ನಿಮ್ಮ ಹೆಗಡೆಯವರಿಗೂ ಅಷ್ಟು ಬಲ ಕೊಡಿ. ಎದುರಾಳಿಯನ್ನು ಪೆದ್ದನನ್ನಾಗಿ ಮಾಡಿದರೆ ಗಣಪನ ಕಷ್ಟಕ್ಕೂ ಬೆಲೆ ಇರುವುದಿಲ್ಲ.

ತಾಳಮದ್ದಳೆಯಿಂದ ತೆಗೆದುಕೊಳ್ಳಬಾರದ್ದು ಒಂದಿದೆ, ಎಲ್ಲವನ್ನೂ ಬಾಯಿಬಿಟ್ಟು ಹೇಳುವುದು. ಅದು ಆ ಕಲೆಗೆ ಬೇಕು. ಸಣ್ಣಕಥೆಯಲ್ಲಿ ಹಾಗೆ ಮಾಡಿದರೆ ಹೀಗಾಗುತ್ತದೆ:

“ಹೆಗಡೇರೇ, ನೀವು ದೋಟಿ ತಂದಿದ್ದರಿಂದ ನನ್ನ ಕೆಲಸ ಹೋಗುತ್ತದೆ. ಮಗಳ ಮದುವೆಗೆ ತೆಗೆದುಕೊಂಡ ಮುಂಗಡ ಹೇಗೆ ತೀರಿಸಲಿ?”

ಯಾವ ಗಣಪನೂ ಹೀಗೆ ಮಾತಾಡುವುದಿಲ್ಲ. ಬದಲಿಗೆ:

“ಭಾರ ಉಂಟಾ ಹೆಗಡೇರೇ ಇದು?”

“ಎಂತ ಭಾರವೂ ಇಲ್ಲ. ಹಿಡ್ದು ನೋಡು.”

“ಬ್ಯಾಡ. ಕೈಯೆಲ್ಲ ಮಣ್ಣು.”

“ಚಾ ಕುಡ್ದು ಹೋಗಾ.”

“ಮನೇಲಿ ಕುಡ್ಕಂಡೇ ಬಂದೆ.”

ದೋಟಿಯನ್ನು ಮುಟ್ಟಲಿಲ್ಲ, ಚಾ ಕುಡಿಯಲಿಲ್ಲ. ಸಿಟ್ಟು ಬಂದಿದೆ ಎಂದು ಮತ್ತೆ ಬರೆಯುವುದು ಯಾಕೆ?

ಆಡುಮಾತು ಎಷ್ಟು ಹಾಕಬೇಕು ಎಂಬ ಪ್ರಶ್ನೆ ನಮ್ಮ ಕಡೆ ಯಾವಾಗಲೂ ಬರುತ್ತದೆ. ಹವ್ಯಕ ಮಾತು, ಹಾಲಕ್ಕಿಗಳ ಮಾತು, ಕೊಂಕಣಿ ಬೆರೆತ ಕಾರವಾರದ ಕನ್ನಡ, ಒಂದೊಂದು ತಾಲೂಕಿಗೂ ಒಂದೊಂದು ಧಾಟಿ. ನನ್ನ ಅಭಿಪ್ರಾಯ ಇಷ್ಟು: ನಿರೂಪಣೆ ಎಲ್ಲರಿಗೂ ತಿಳಿಯುವ ಕನ್ನಡದಲ್ಲಿರಲಿ, ಮಾತು ಮಾತ್ರ ಆಯಾ ಮನೆಯದ್ದಾಗಿರಲಿ. ಬಳ್ಳಾರಿಯ ಓದುಗನಿಗೆ ಒಂದೆರಡು ಶಬ್ದ ತಿಳಿಯದಿದ್ದರೂ ಸಂದರ್ಭದಿಂದ ತಿಳಿಯುತ್ತದೆ. ಆವರಣ ಹಾಕಿ ಅರ್ಥ ಬರೆಯಬೇಡಿ. ನಿಮಗೆ ಸರಿಯಾಗಿ ಬಾರದ ಆಡುಮಾತನ್ನು ಊಹಿಸಿ ಬರೆಯಲೂ ಬೇಡಿ. ಆ ಮನೆಯವರು ಓದಿದರೆ ನಗುತ್ತಾರೆ, ಕೆಲವೊಮ್ಮೆ ನೊಂದುಕೊಳ್ಳುತ್ತಾರೆ.

ಕೊನೆ ಹೇಗೆ

ಹೊಸಬರ ಕಥೆಗಳಲ್ಲಿ ಸಾವು ಜಾಸ್ತಿ. ಹೇಗೆ ಮುಗಿಸುವುದು ಎಂದು ತಿಳಿಯದಿದ್ದಾಗ ಯಾರನ್ನಾದರೂ ಸಾಯಿಸಿಬಿಡುತ್ತಾರೆ. ಗಣಪ ಮರದಿಂದ ಬಿದ್ದು ಸತ್ತ ಎಂದರೆ ಓದುಗನಿಗೆ ಅಯ್ಯೋ ಎನಿಸುತ್ತದೆ, ಮರುಕ್ಷಣ ಮರೆತೂ ಹೋಗುತ್ತದೆ. ದೋಟಿ ಮುರಿಯಿತು ಎಂದರೆ ದೇವರು ಬಂದು ಕಾಪಾಡಿದ ಹಾಗೆ. ಹೆಗಡೆಯವರ ಮನಸ್ಸು ಕರಗಿ ಸಾಲ ಮನ್ನಾ ಆಯಿತು ಎಂದರೆ ಇಷ್ಟುದ್ದ ಬರೆದಿದ್ದೇ ದಂಡ.

ಮೂರರಲ್ಲೂ ಇರುವ ಐಬು ಒಂದೇ, ಗಣಪ ಏನೂ ಮಾಡುವುದಿಲ್ಲ. ಅವನೇ ಏನಾದರೂ ಮಾಡಲಿ, ಅದಕ್ಕೊಂದು ಬೆಲೆ ತೆರಲಿ. ದೋಟಿ ತಂದ ಹೆಗಡೆಯವರಿಗೆ ಯಾವ ಕೊನೆ ಬಲಿತಿದೆ ಎಂದು ನೆಲದಿಂದ ಹೇಳಲು ಬರುವುದಿಲ್ಲ. ಎಳೆಯದನ್ನೂ ಎಳೆದು ಹಾಕುತ್ತಾರೆ. ಗಣಪನಿಗೆ ಅದು ಗೊತ್ತು. ಹಾಳಾಗಲಿ ಎಂದು ಸುಮ್ಮನಿರಬಹುದು, ಅಥವಾ ಹೋಗಿ ದೋಟಿ ಕೈಗೆ ತೆಗೆದುಕೊಳ್ಳಬಹುದು. ತೆಗೆದುಕೊಂಡರೆ ಸಾಲ ತೀರುತ್ತದೆ, ಆದರೆ ಮತ್ತೆ ಯಾರೂ ಅವನನ್ನು ಮರ ಹತ್ತಲು ಕರೆಯುವುದಿಲ್ಲ. ಯಾವುದನ್ನು ಆರಿಸಿದರೂ ಕಥೆ ನಿಲ್ಲುತ್ತದೆ. ಆರಿಸಿದ ಕೂಡಲೇ ನೀವೂ ನಿಲ್ಲಿಸಿ. ‘ಕಾಲ ಬದಲಾಗಿತ್ತು’ ಎಂಬಂಥ ಸಾಲನ್ನು ಕೊನೆಗೆ ಅಂಟಿಸಬೇಡಿ.

ತೆಗೆದಿಟ್ಟು ತಿದ್ದುವುದು

ಕರಡು ಮುಗಿಯಿತು. ಈಗ ಅದನ್ನು ಎರಡು ಮೂರು ವಾರ ಕಣ್ಣಿಗೆ ಬೀಳದ ಕಡೆ ಇಡಿ. ಇದು ಬರೀ ಶಿಸ್ತಿನ ಮಾತಲ್ಲ. ರವೀಂದ್ರನಾಥ ಟ್ಯಾಗೋರರು 1883ರಲ್ಲಿ, ಇಪ್ಪತ್ತೆರಡರ ಪ್ರಾಯದಲ್ಲಿ, ನ್ಯಾಯಾಧೀಶರಾಗಿದ್ದ ಅಣ್ಣನ ಜೊತೆ ಕಾರವಾರದಲ್ಲಿದ್ದರು. ಒಂದು ಬೆಳದಿಂಗಳ ರಾತ್ರಿ ಕಾಳಿ ನದಿಯಲ್ಲಿ ದೋಣಿಯಲ್ಲಿ ಹೋಗಿ, ಮರಳಿ ಬರುವಾಗ ಮರಳಿನ ಮೇಲೆ ನಡೆದು ಬಂದು, ಅದೇ ರಾತ್ರಿ ಪದ್ಯ ಬರೆದರು. ಮುಂದೆ ತಮ್ಮ ನೆನಪುಗಳನ್ನು ಬರೆಯುವಾಗ ಆ ಪದ್ಯವನ್ನು ನೆನೆದು, ಅನುಭವ ತೀರಾ ಹತ್ತಿರ ಇರುವಾಗ ಬರೆಯುವುದು ಒಳ್ಳೆಯದಲ್ಲ, ಸ್ವಲ್ಪ ದೂರ ಆಗಿ ನೆನಪಾದ ಮೇಲೆ ಚೆನ್ನಾಗಿ ಬರುತ್ತದೆ ಎಂಬ ಅರ್ಥದ ಮಾತು ಹೇಳಿದ್ದಾರೆ. ನಮ್ಮದೇ ಕಡಲ ದಂಡೆಯಿಂದ ಹುಟ್ಟಿದ ಸಲಹೆ, ಬಿಡುವುದು ಯಾಕೆ? ಸಾವಿನ ಮನೆಯಿಂದ ಬಂದ ದಿನ, ಜಗಳ ಆದ ದಿನ ನೋಟ್‌ಬುಕ್‌ನಲ್ಲಿ ಬರೆದಿಡಿ. ಕಥೆ ಮಾಡಲು ಆಮೇಲೆ ಕೂರಿ.

ಕರಡನ್ನು ಮತ್ತೆ ತೆಗೆದಾಗ ಗಟ್ಟಿಯಾಗಿ ಓದಿ. ಮನಸ್ಸಿನಲ್ಲಿ ಓದಿದರೆ ತಪ್ಪು ಕಾಣುವುದಿಲ್ಲ. ಉಸಿರು ಸಿಕ್ಕಿಕೊಂಡಲ್ಲಿ ವಾಕ್ಯ ಮುರಿಯಿರಿ. ಓದುತ್ತ ನಿಮಗೇ ಬೇಜಾರು ಬಂದರೆ ಆ ಪ್ಯಾರಾ ಹೋಗಲಿ. ಮೊದಲ ಪ್ಯಾರಾವನ್ನು ಬೆರಳಿನಿಂದ ಮುಚ್ಚಿ ಎರಡನೆಯದರಿಂದ ಓದಿ ನೋಡಿ. ಹತ್ತರಲ್ಲಿ ಏಳು ಸಲ ಕಥೆ ಅಲ್ಲಿಂದಲೇ ಶುರುವಾಗಿರುತ್ತದೆ, ಮೊದಲಿನದು ಬರೆಯುವವರ ಕೈ ಬಿಸಿ ಮಾಡಿಕೊಂಡಿದ್ದು ಅಷ್ಟೇ. ಮಳೆ ಹೋಗುವುದೂ ಈ ಹಂತದಲ್ಲೇ. ಗಣಪನ ಕಥೆಯಲ್ಲಿ ಮಳೆ ಬಂದರೆ ಮರ ಜಾರುತ್ತದೆ, ಒಂದು ದಿನದ ದುಡಿಮೆ ಹೋಗುತ್ತದೆ. ಅಂಥ ಮಳೆ ಇರಲಿ. ಚಂದಕ್ಕೆ ಬಂದ ಮಳೆ ತೆಗೆಯಿರಿ.

ಆಮೇಲೆ ಇಬ್ಬರಿಗೆ ಓದಲು ಕೊಡಿ. ಒಬ್ಬರು ಕಥೆ ಓದುವ ಅಭ್ಯಾಸ ಇದ್ದವರು, ಇನ್ನೊಬ್ಬರು ಆ ಕೆಲಸ ಗೊತ್ತಿದ್ದವರು. ಹೇಗಿದೆ ಎಂದು ಕೇಳಿದರೆ ಚೆನ್ನಾಗಿದೆ ಎನ್ನುತ್ತಾರೆ, ನಮ್ಮವರು ಮರ್ಯಾದಸ್ತರು. ಎಲ್ಲಿ ಓದು ನಿಲ್ಲಿಸಬೇಕು ಅನಿಸಿತು, ಯಾವುದು ನಂಬಲು ಆಗಲಿಲ್ಲ ಎಂದು ಕೇಳಿ. ಮರ ಹತ್ತುವವನೊಬ್ಬ ‘ಕತ್ತಿ ಹೀಗೆ ಹಿಡಿಯೂದಿಲ್ಲ’ ಎಂದರೆ ವಾದ ಮಾಡಬೇಡಿ, ತಿದ್ದಿಕೊಳ್ಳಿ.

ಕಳಿಸುವುದು

ಮಯೂರ, ತುಷಾರದಂಥ ಮಾಸಪತ್ರಿಕೆಗಳು, ಸುಧಾ, ತರಂಗದಂಥ ವಾರಪತ್ರಿಕೆಗಳು, ದಿನಪತ್ರಿಕೆಗಳ ಭಾನುವಾರದ ಪುರವಣಿಗಳು ಕಥೆ ಹಾಕುತ್ತವೆ. ದೀಪಾವಳಿ, ಯುಗಾದಿ ವಿಶೇಷಾಂಕಗಳಿಗೆ ಸ್ಪರ್ಧೆ ಇರುತ್ತದೆ. ಪ್ರಕಟಣೆಯಲ್ಲಿ ಪದಮಿತಿ ಹೇಳಿದ್ದರೆ ಅದನ್ನು ಮೀರಬೇಡಿ, ‘ಸ್ವಲ್ಪ ಜಾಸ್ತಿ ಆಯ್ತು’ ಎಂಬ ಪತ್ರವೂ ಬೇಡ. ನುಡಿ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದ್ದರೆ ಅವರಿಗೆ ಯೂನಿಕೋಡ್ ಬೇಕೇ ನೋಡಿ, ಬೇಕಾದರೆ ಬದಲಿಸಿ, ಬದಲಿಸಿದ ಮೇಲೆ ಒತ್ತಕ್ಷರಗಳು ಎಲ್ಲೆಲ್ಲೋ ಹಾರಿಲ್ಲವೇ ಎಂದು ಪೂರ್ತಿ ಓದಿ. ಕಥೆಯ ಜೊತೆ ಹೆಸರು, ವಿಳಾಸ, ಫೋನ್ ನಂಬರ್ ಇರಲಿ. ಸ್ಪರ್ಧೆಯಾದರೆ ಕಥೆಯ ಪುಟದಲ್ಲಿ ಹೆಸರು ಹಾಕಬಾರದೆಂಬ ನಿಯಮ ಇರಬಹುದು, ಓದಿಕೊಳ್ಳಿ. ಕಥೆಯ ಸಾರಾಂಶವನ್ನೂ ಅದರಿಂದ ಸಮಾಜ ಕಲಿಯಬೇಕಾದ ಪಾಠವನ್ನೂ ಜೊತೆಗೆ ಬರೆದು ಕಳಿಸುವವರಿದ್ದಾರೆ, ಅದು ಬೇಡವೇ ಬೇಡ.

ಒಂದೇ ಕಥೆಯನ್ನು ಒಟ್ಟಿಗೇ ಎರಡು ಕಡೆ ಕಳಿಸಬೇಡಿ. ಎರಡೂ ಕಡೆ ಅಚ್ಚಾದರೆ ಮುಂದೆ ಎರಡೂ ಕಡೆ ಬಾಗಿಲು ಮುಚ್ಚುತ್ತದೆ. ಕಳಿಸಿದ ದಿನ ಒಂದು ಕಡೆ ಬರೆದಿಟ್ಟುಕೊಳ್ಳಿ. ತಿಂಗಳುಗಟ್ಟಲೆ ಉತ್ತರ ಬರದೇ ಇರಬಹುದು. ವಾರಕ್ಕೊಮ್ಮೆ ಫೋನ್ ಮಾಡಿದರೆ ಬೇಗ ಆಗುವುದಿಲ್ಲ. ಮೂರ್ನಾಲ್ಕು ತಿಂಗಳಾದರೂ ಸುದ್ದಿ ಇಲ್ಲದಿದ್ದರೆ ಒಂದು ಮೇಲ್ ಹಾಕಿ ಕೇಳಿ, ಬೇಡ ಎಂದರೆ ಮತ್ತೊಮ್ಮೆ ಗಟ್ಟಿಯಾಗಿ ಓದಿ ಇನ್ನೊಂದು ಪತ್ರಿಕೆಗೆ ಕಳಿಸಿ. ಅಷ್ಟರೊಳಗೆ ನೋಟ್‌ಬುಕ್‌ನಲ್ಲಿ ಎರಡನೆಯ ಕಥೆಯ ಮನುಷ್ಯನ ಕೆಲಸ ಯಾವುದೆಂದು ಹುಡುಕಿಟ್ಟುಕೊಂಡಿರಿ.